'ಮೇಕ್ ಎ ಮಿಸ್ಟೇಕ್'ನಂಥ ಇಂಗ್ಲಿಷ್‌ನ ಕ್ರಿಯಾಪದ–ನಾಮಪದ ಜೋಡಿಗಳನ್ನು ನೀವು ಹೇಗೆ ಕಲಿತಿರಿ?

ಕರಾವಳಿ ನರ್ಸ್: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ನರ್ಸಿಂಗ್. ಬ್ರಿಟನ್‌ಗೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದೆ. ಆಲಿಸುವುದು, ಓದುವುದು, ಮಾತನಾಡುವುದು ಮೂರರಲ್ಲೂ 7 ಬಂದಿದೆ. ಬರವಣಿಗೆಯಲ್ಲಿ ಬೇಕಾದದ್ದು 6.5, ಬಂದದ್ದು 6. ವ್ಯಾಕರಣ ಪರವಾಗಿಲ್ಲ, 'ಮೇಕ್', 'ಡು', 'ಟೇಕ್' ಯಾವುದು ಯಾವುದರ ಜೊತೆ ಎನ್ನುವಲ್ಲೇ ತೊಡಕು. ಪಟ್ಟಿಯನ್ನು ಬಾಯಿಪಾಠ ಮಾಡಲೇ? ರಾತ್ರಿ ಪಾಳಿ, ತರಗತಿಗೆ ಹೋಗಲಾಗದು.

ಕೈಸುಟ್ಟ ಗಿರಾಕಿ: ಪಟ್ಟಿಯ ಸುದ್ದಿಯೇ ಬೇಡ. ಬೆಂಗಳೂರಿನ ಒಂದು ಕೋಚಿಂಗ್ ಕೇಂದ್ರಕ್ಕೆ 22,000 ರೂಪಾಯಿ ಕಟ್ಟಿದೆ. ನೋಟ್ಸ್ ಜೆರಾಕ್ಸ್‌ಗೆ 900, ಅಣಕು ಪರೀಕ್ಷೆಗೆ ತಲಾ 500, ಪಿಜಿ ಬಾಡಿಗೆ ಬೇರೆ. ಕೊಟ್ಟದ್ದು ಎರಡು ಕಲಂ: 'ಮೇಕ್' ಕೆಳಗೆ ಎಫರ್ಟ್, ಪ್ರೋಗ್ರೆಸ್, ಮಿಸ್ಟೇಕ್, ಕಂಪ್ಲೇಂಟ್; 'ಡು' ಕೆಳಗೆ ರಿಸರ್ಚ್, ಡ್ಯಾಮೇಜ್, ಫೇವರ್. ಪರೀಕ್ಷಾ ಕೊಠಡಿಯಲ್ಲಿ ಎರಡೂ ಕಲಸುಮೇಲೋಗರ. ಸಾಲದ್ದಕ್ಕೆ, 'ಟೇಕ್ ಎ ಡಿಸಿಷನ್' ತಪ್ಪೆಂದು ಅಲ್ಲಿನ ಮೇಷ್ಟ್ರು ಕೆಂಪು ಗೀಟು ಎಳೆದರು. ಬ್ರಿಟಿಷ್ ಪತ್ರಿಕೆಗಳಲ್ಲೇ ಅದು ಧಾರಾಳವಾಗಿದೆ! ಹಣ ವಾಪಸ್ ಕೇಳಿದರೆ ರಸೀದಿಯ ಹಿಂಬದಿಯ ಸಣ್ಣಕ್ಷರ ತೋರಿಸಿದರು.

ನಿವೃತ್ತ ಮೇಷ್ಟ್ರು, ಶಿರಸಿ: ದುಡ್ಡು ಕಟ್ಟಿದ ಮಾತ್ರಕ್ಕೆ ವಿದ್ಯೆ ಹತ್ತುವುದಿಲ್ಲ. ನಾನು ಹೈಸ್ಕೂಲಿನಲ್ಲಿ ನಾಮಪದದಿಂದಲೇ ಕಲಿಸಿದವನು. ಆಕ್ಸ್‌ಫರ್ಡ್‌ನವರ ಕೊಲೊಕೇಷನ್ಸ್, ಅಂದರೆ ಪದಜೋಡಿಗಳ, ನಿಘಂಟಿನಲ್ಲಿ (2002) 'ಡಿಸಿಷನ್' ತೆರೆಯಿರಿ. ಮೇಕ್, ಟೇಕ್, ರೀಚ್ ಎಲ್ಲ ಒಂದೇ ಕಡೆ ಸಿಗುತ್ತವೆ. ಈ ತಲೆನೋವು ನಮ್ಮದೊಂದೇ ಅಲ್ಲ. ಇಂಗ್ಲಿಷ್ ಬೋಧನಾ ತಜ್ಞ ಹೆರಾಲ್ಡ್ ಪಾಮರ್ ಜಪಾನಿನ ಕಲಿಕೆದಾರರಿಗಾಗಿ ಟೋಕಿಯೊದಲ್ಲಿ 1933ರಷ್ಟು ಹಿಂದೆಯೇ ಇಂಥ ಜೋಡಿಗಳ ವರದಿ ತಂದಿದ್ದರು. ನಮ್ಮ ಮಕ್ಕಳು ತಪ್ಪನ್ನೂ ಸ್ನಾನವನ್ನೂ ಫೋನನ್ನೂ 'ಮಾಡಿ'ಯೇ ಬೆಳೆದವರು. ಪ್ರಬಂಧದಲ್ಲಿ 'ಡು' ಕಂಡಲ್ಲೆಲ್ಲ ಅಡಿಗೆರೆ ಹಾಕಿಸಿ, ಒಂದೊಂದನ್ನೂ ನಿಘಂಟಿಗೆ ಒಡ್ಡಿಸುತ್ತಿದ್ದೆ. ನನ್ನ ಶಿಷ್ಯರು ಇಂದು ಕೆನಡಾದಲ್ಲಿದ್ದಾರೆ.

ಕೈಸುಟ್ಟ ಗಿರಾಕಿ: ಕೆನಡಾ ವಿಚಾರ ಕೇಳಿದವರಾರು? ಪಿಂಚಣಿ ಎಣಿಸುತ್ತ ಕೂತವರಿಗೆ ನಮ್ಮ 22,000 ಚಿಲ್ಲರೆಯಾಗಿ ಕಾಣಬಹುದು.

ಲೆಸ್ಟರ್ ವಾರ್ಡಿನಿಂದ: ನಾನು ಐಇಎಲ್‌ಟಿಎಸ್ ಸಹವಾಸವೇ ಬೇಡವೆಂದು ಒಇಟಿ ಬರೆದೆ, ಅದು ಆರೋಗ್ಯ ಸಿಬ್ಬಂದಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ. ಆಗ ಶುಲ್ಕ 587 ಆಸ್ಟ್ರೇಲಿಯನ್ ಡಾಲರ್ ಇತ್ತು. ರೂಪಾಯಿಗೆ ಲೆಕ್ಕ ಹಾಕಿದ ದಿನ ಊಟ ಸೇರಲಿಲ್ಲ. ಬ್ಯಾಂಕಿನವರು ವಿದೇಶಿ ವಹಿವಾಟಿನ ಶುಲ್ಕವೆಂದು ಮತ್ತಷ್ಟು ಹಿಡಿದರು, ಅದರ ಮೇಲೆ ಜಿಎಸ್‌ಟಿ. ಬಳೆ ಅಡವಿಟ್ಟದ್ದು ಮನೆಯವರಿಗೆ ಇಂದಿಗೂ ಗೊತ್ತಿಲ್ಲ. ಆದರೆ ಅಲ್ಲಿ ಬರೆಯುವುದು ರೋಗಿಯ ಬಗ್ಗೆ ಪತ್ರ. 'ಟೇಕ್ ಎ ಹಿಸ್ಟರಿ', 'ಡ್ರೆಸ್ ಎ ವೂಂಡ್', 'ಅಡ್ಮಿನಿಸ್ಟರ್ ಮೆಡಿಕೇಷನ್' — ಕೇಸ್ ಶೀಟಿನಲ್ಲಿ ದಿನವೂ ಕಂಡ ಜೋಡಿಗಳು. ಬರವಣಿಗೆಗೆ ಸಿ ಪ್ಲಸ್ ದರ್ಜೆ ಸಾಕು. ಅಂದಹಾಗೆ, ಐಇಎಲ್‌ಟಿಎಸ್ ಬರವಣಿಗೆಯಲ್ಲಿ ಪದಸಂಪತ್ತಿನ ಪಾಲು ಕಾಲು ಭಾಗ ಮಾತ್ರ. ನಿಘಂಟು ತಬ್ಬಿಕೊಂಡವರು ಉಳಿದ ಮುಕ್ಕಾಲನ್ನು ಯಾವಾಗ ಓದುತ್ತಾರೆ?

ನಿವೃತ್ತ ಮೇಷ್ಟ್ರು, ಶಿರಸಿ: ಬಳೆ ಅಡವಿಡುವುದೇ ಉಪಾಯವಾದರೆ ನನ್ನ ಬಳಿ ಹೇಳಲು ಏನೂ ಇಲ್ಲ.

ಬಿ2 ಮುಗಿಸಿದವನು: ನಾನೂ ನರ್ಸ್. ಇಂಗ್ಲಿಷ್ ಬಿಟ್ಟು ಜರ್ಮನಿಯ ದಾರಿ ಹಿಡಿದೆ; ಸಂಬಳವಿಲ್ಲದ ರಜೆ, ಮನೆಪಾಠಕ್ಕೆ ಗಂಟೆಗೆ 600. ಅಲ್ಲೂ ಬಿಡುಗಡೆಯಿಲ್ಲ. ಜರ್ಮನ್ನರು ನಿರ್ಧಾರಕ್ಕೆ 'ಟ್ರೆಫೆನ್' ಎನ್ನುತ್ತಾರೆ, ಅಂದರೆ ಭೇಟಿಯಾಗುವುದು! ಆದರೂ ಜರ್ಮನ್ ಭಾಷೆಯ ಬಿ2 ಹಂತ ದಾಟಿದೆ, ಹೆಮ್ಮೆಯಿದೆ. ಬ್ರಿಟನ್ನಿನ ಹುಚ್ಚು ಬಿಡಿ.

ಲೆಸ್ಟರ್ ವಾರ್ಡಿನಿಂದ: ನಾವು ಹುಚ್ಚರೇ? ನೀವು ಮೊದಲು ವೀಸಾ ಪಡೆದು ಮಾತನಾಡಿ. ಮೇಷ್ಟ್ರೇ, ನಿಘಂಟು ನೋಡಿಸಿದ ನಿಮ್ಮ ಕಾಲದವರೇ ಪರೀಕ್ಷೆ ಬರೆಯುವುದಕ್ಕೆ 'ಗಿವ್ ಆ್ಯನ್ ಎಕ್ಸಾಮ್' ಕಲಿಸಿದ್ದು. ಇಲ್ಲಿ ಪರೀಕ್ಷೆ 'ಕೊಡುವವರು' ಶಿಕ್ಷಕರು. ಸಹೋದ್ಯೋಗಿಗಳು ನನ್ನನ್ನು ಪ್ರಾಧ್ಯಾಪಕಿ ಎಂದುಕೊಂಡಿದ್ದರು.

ನಿವೃತ್ತ ಮೇಷ್ಟ್ರು, ಶಿರಸಿ: ಖಂಡಿತ ಕಲಿಸಿಲ್ಲ! ಕನ್ನಡಿಗರು ಪರೀಕ್ಷೆ ಬರೆಯುತ್ತಾರೆ. ಕೊಡುವುದು ಹಿಂದಿಯವರು.

ಬಿ2 ಮುಗಿಸಿದವನು: ಬಂತು ನೋಡಿ, ಇಲ್ಲಿಗೂ ಹಿಂದಿ. ನನ್ನ ಹೆಂಡತಿ ಭೋಪಾಲದವಳು, ಅವಳ ಇಂಗ್ಲಿಷ್ ನಿಮ್ಮ ಕೆನಡಾ ಶಿಷ್ಯರಿಗಿಂತ ಚೆನ್ನಾಗಿದೆ.

ಕೈಸುಟ್ಟ ಗಿರಾಕಿ: ಹಾಗಾದರೆ ಅವರು ತರಗತಿ ತೆಗೆದುಕೊಳ್ಳುತ್ತಾರೆಯೇ? ಶುಲ್ಕ ಎಷ್ಟು? ರಸೀದಿಯ ಹಿಂಬದಿಯನ್ನು ಮೊದಲೇ ಕಳುಹಿಸಿ.