ಸಹಾಯ ಬೇಕು: ಮಾಡೆಲ್ ರಾಕೆಟ್ಟಿನ ಪ್ಯಾರಾಚೂಟ್ ತೊಟ್ಟಿಲಿನ ಹಾಗೆ ತೂಗುತ್ತಿದೆ

ಗೆಳೆಯರೇ, ಕೋಲಾರದಿಂದ ಬರೆಯುತ್ತಿದ್ದೇನೆ. ಮಗನ ಮಾಡೆಲ್ ರಾಕೆಟ್ ಹಾರಿಸುವ ಮೊದಲು ಪ್ಯಾರಾಚೂಟ್ ಪರೀಕ್ಷೆ ಮಾಡುತ್ತಿದ್ದೇವೆ. ಕಸದ ಚೀಲದ ಪ್ಲಾಸ್ಟಿಕ್, ಅಗಲ 45 ಸೆಂ.ಮೀ., ಅಷ್ಟೇ ಉದ್ದದ 8 ದಾರ. ರಾಕೆಟ್ ಬದಲು 150 ಗ್ರಾಂ ಮರಳಿನ ಪೊಟ್ಟಣ ಕಟ್ಟಿ, 10 ಮೀಟರ್ ಎತ್ತರದ ಮಹಡಿಯಿಂದ ಬಿಟ್ಟೆವು.

ಮಡಚಿ ಬಿಟ್ಟಾಗ ಪ್ಲಾಸ್ಟಿಕ್ ಅಂಟಿಕೊಂಡು ಬಿಚ್ಚಲೇ ಇಲ್ಲ. ಅಂಗಳವೆಲ್ಲ ಮರಳು! ಪೌಡರ್ ಸವರಿದ ಮೇಲೆ ಅದು ಸರಿಹೋಯಿತು. ಬಿಚ್ಚಿ ಹಿಡಿದು ಬಿಟ್ಟರೆ ಸುಮಾರು 2.4 ಸೆಕೆಂಡಿಗೆ ನೆಲ ಮುಟ್ಟುತ್ತದೆ. ಲೆಕ್ಕದಲ್ಲೂ ಸೆಕೆಂಡಿಗೆ 5 ಮೀಟರ್ ಒಳಗೇ ಬರುತ್ತದೆ, ಅಂದರೆ ವೇಗ ಸರಿ ಇದೆ ಅಲ್ವಾ? ಆದರೆ ತೊಟ್ಟಿಲಿನ ಹಾಗೆ ತೂಗಿ ಓರೆಯಾಗಿ ಬೀಳುತ್ತದೆ. ದಾರ ಎರಡು ಸಲ ಅಳೆದೆ, ಎಲ್ಲ ಸಮ. ಗಾಳಿ ಇಲ್ಲದ ಬೆಳಗ್ಗೆ ಬಿಟ್ಟರೂ ಅದೇ ಕಥೆ. ಅಂತರಗಂಗೆ ಬೆಟ್ಟದಿಂದ ಬಿಡೋಣ ಅನ್ನುತ್ತಾನೆ ಮಗ. ಅಲ್ಲಿನ ಕೋತಿಗಳು ವಾಪಸ್ ಕೊಡಬೇಕಲ್ಲ!

ನಡುವೆ ತೂತು ಮಾಡಿದರೆ ಗಾಳಿ ಮೇಲಿಂದ ಹೋಗಿ ತೂಗಾಟ ಕಡಿಮೆಯಾಗುತ್ತದಂತೆ. ಒಮ್ಮೆ ಕತ್ತರಿಸಿದರೆ ಮುಗೀತು, ಅದಕ್ಕೇ ಕೈ ಬರುತ್ತಿಲ್ಲ. 45 ಸೆಂ.ಮೀ. ಪ್ಯಾರಾಚೂಟಿಗೆ ತೂತು ಎಷ್ಟು ಅಗಲ ಇರಬೇಕು? 5 ಸೆಂ.ಮೀ. ಸಾಕಾ, 9 ಬೇಕಾ? ಇಲ್ಲ, ತೂತು ಬಿಟ್ಟು ದಾರವನ್ನೇ ಉದ್ದ ಮಾಡಬೇಕಾ? ಮಾಡಿ ನೋಡಿದವರು ಹೇಳಿ.