ಪದಚರ್ಚೆ: ‘ಡಿಸ್ಕಂಟಿನ್ಯೂಡ್ ಥರೋಬ್ರೆಡ್ ರೇಸ್’ (ಅರ್ಜೆಂಟ್)

ಗೆಳೆಯರೇ, ರಾತ್ರಿಯೊಳಗೆ ಒಂದು ಅನುವಾದ ಕಳಿಸಬೇಕು. ಅಮೆರಿಕದ ಮೇರಿಲ್ಯಾಂಡಿನ ಲಾರೆಲ್ ಪಾರ್ಕ್ ರೇಸ್‌ಕೋರ್ಸಿನಲ್ಲಿ 1952ರಿಂದ 1994ರವರೆಗೆ ನಡೆದ ವಾಷಿಂಗ್ಟನ್ ಡಿ.ಸಿ. ಇಂಟರ್‌ನ್ಯಾಷನಲ್ ರೇಸಿನ ಕಥೆ. ತಲೆಬರಹಕ್ಕೆ ‘ನಿಲ್ಲಿಸಲ್ಪಟ್ಟ ಶುದ್ಧತಳಿ ಅಶ್ವಸ್ಪರ್ಧೆ’ ಅಂತ ಬರೆದೆ. ಓದಿದರೆ ನನಗೇ ನಗು ಬರುತ್ತದೆ. ‘ವಾಕ್-ಅಪ್ ಸ್ಟಾರ್ಟ್’ಗೂ ಏನಾದರೂ ಹೇಳಿ.

ಮರು:
‘ಲ್ಪಟ್ಟ’ ಮೊದಲು ಕಿತ್ತುಹಾಕಿ. ‘ರದ್ದಾದ’ ಕೂಡ ಬೇಡ. ಜೋರು ಮಳೆ ಬಂದರೆ ಆ ದಿನದ ರೇಸು ರದ್ದಾಗುತ್ತದೆ, ಇದು ನಾಲ್ಕು ದಶಕ ನಡೆದು ನಿಂತದ್ದು. ‘ನಿಂತ ರೇಸು’ ಅಂದರೆ ಕುದುರೆಗಳು ಅರ್ಧದಾರಿಯಲ್ಲಿ ನಿಂತ ಹಾಗಾಗುತ್ತದೆ. ‘ನಿಂತುಹೋದ ರೇಸು’. ಮುಗೀತು.

ಮರು:
> ನಿಂತುಹೋದ ರೇಸು
‘ರೇಸು’ ಯಾಕೆ? ‘ಕುದುರೆಜೂಜು’ ಅನ್ನೋ ನಮ್ಮ ಮಾತಿಗೆ ಏನಾಗಿದೆ? ಥರೋಬ್ರೆಡ್‌ಗೆ ‘ಅಚ್ಚತಳಿ’ ಅನ್ನಿ. ಕುದುರೆಯಂತೂ ಅಚ್ಚ ದ್ರಾವಿಡ. ತಮಿಳಿನಲ್ಲಿ ‘ಕುದಿ’ ಅಂದರೆ ನೆಗೆ. ನೆಗೆಯುವುದರಿಂದಲೇ ಅದು ಕುದುರೆ. ಇದನ್ನು ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ.

ಮರು:
ಹೌದು, ಎಷ್ಟೋ ಸಲ ಬರೆದಿದ್ದೀರಿ. ಜಿಂಕೆಯೂ ನೆಗೆಯುತ್ತದೆ.

‘ಜೂಜು’ ದ್ಯೂತದ ತದ್ಭವ, ಶಾಲೆಯ ವ್ಯಾಕರಣದಲ್ಲೇ ಇದೆ. ಅಲ್ಲದೆ ಜೂಜು ಕಟ್ಟುವವನದು, ಓಟ ಕುದುರೆಯದು. ಕೆಲ್ಸೊ ಅನ್ನೋ ಕುದುರೆ 1961, 62, 63 ಮೂರೂ ವರ್ಷ ಈ ರೇಸಿನಲ್ಲಿ ಎರಡನೆಯದಾಗಿ ಬಂತು. 1964ರಲ್ಲಿ ಗನ್ ಬೋ ಕುದುರೆಯನ್ನು ಹಿಂದೆ ಹಾಕಿ ಗೆದ್ದಿತು. ಒಂದೂವರೆ ಮೈಲಿಗೆ 2 ನಿಮಿಷ 23.8 ಸೆಕೆಂಡು. ಅದನ್ನು ‘ಕೆಲ್ಸೊ ಜೂಜು ಗೆದ್ದಿತು’ ಅಂತ ಬರೆಯುತ್ತೀರಾ?

‘ಅಚ್ಚತಳಿ’ ಇನ್ನೂ ತಪ್ಪು. ಡಾರ್ಲಿ ಅರೇಬಿಯನ್, ಬೈಯರ್ಲಿ ಟರ್ಕ್, ಗೊಡಾಲ್ಫಿನ್ ಅರೇಬಿಯನ್ ಅಂತ ಪೂರ್ವದ ಕಡೆಯಿಂದ ತಂದ ಮೂರು ಗಂಡು, ಜೊತೆಗೆ ಇಂಗ್ಲೆಂಡಿನ ಹೆಣ್ಣು ಕುದುರೆಗಳು. ಹುಟ್ಟಿದ್ದೇ ಬೆರಕೆಯಿಂದ. ಥರೋಬ್ರೆಡ್ ತಳಿಯ ಹೆಸರು. ಬೆಂಗಳೂರು, ಕುಣಿಗಲ್ ಕಡೆ ಕುದುರೆಯವರೂ ಹಾಗೇ ಅನ್ನೋದು. ಬಿಟ್ಟುಬಿಡಿ.

ಮರು:
ಬಿಡ್ತಾ ಬಿಡ್ತಾ ಕನ್ನಡದಲ್ಲಿ ಕ್ರಿಯಾಪದ ಮಾತ್ರ ಉಳಿಯುತ್ತೆ.

ಮರು:
ಜೀನು, ಲಗಾಮು, ಸವಾರ ಎಲ್ಲ ಪಾರ್ಸಿ. ಅವನ್ನೂ ಇಳಿಸಿ ಬರಿಮೈ ಕುದುರೆ ಓಡಿಸೋಣವೇ?

ಮರು:
ಹಲ್ಲಣ, ಕಡಿವಾಣ ಇವೆ ಸ್ವಾಮಿ. ನಿಮಗೆ ಗೊತ್ತಿಲ್ಲ ಅಂದರೆ ಕನ್ನಡಕ್ಕೆ ಗೊತ್ತಿಲ್ಲ ಅಂತಲ್ಲ.

ಮರು:
ಹಲ್ಲಣ ಬಂದದ್ದು ಸಂಸ್ಕೃತದ ‘ಪರ್ಯಾಣ’ದಿಂದ. ಸುಮ್ನೆ ಕೆದಕಬೇಡಿ.

ಮರು:
ಕೇಳಿದವರ ಎರಡನೇ ಪದ ಯಾರೂ ಮುಟ್ಟಲಿಲ್ಲ. ಅಮೆರಿಕದಲ್ಲಿ ಕುದುರೆಗಳನ್ನು ಗೇಟಿನೊಳಗೆ ನಿಲ್ಲಿಸಿ ಬಿಡುತ್ತಾರೆ. ಆ ಕಾಲದ ಯುರೋಪಿನ ಕುದುರೆಗಳಿಗೆ ಗೇಟಿನ ಅಭ್ಯಾಸ ಇರಲಿಲ್ಲ. ಅವಕ್ಕಾಗಿ ಲಾರೆಲ್‌ನಲ್ಲಿ ಮೊದಲ ವರ್ಷಗಳಲ್ಲಿ ಅಡ್ಡಲಾಗಿ ಟೇಪ್ ಕಟ್ಟುತ್ತಿದ್ದರು. ಕುದುರೆಗಳು ನಡೆದುಕೊಂಡೇ ಬಂದು ಸಾಲು ಹಿಡಿಯಬೇಕು, ಟೇಪ್ ಹಾರಿದ ಕೂಡಲೇ ಓಟ. ಒಂದು ಮುಂದೆ ನುಗ್ಗಿದರೆ, ಇನ್ನೊಂದು ತಿರುಗಿ ನಿಂತರೆ ಮತ್ತೆ ಮೊದಲಿಂದ. ‘ನಡೆದುಬಂದು ಹೊರಡುವ ಓಟ’ ಅನ್ನಿ. ಒಂದೇ ಪದಕ್ಕೆ ತಿಣುಕಬೇಡಿ.

ಇನ್ನೊಂದು ಮಾತು. ಮೂಲದಲ್ಲಿ ‘ಟರ್ಫ್’ ಇದ್ದರೆ ‘ಹುಲ್ಲಿನ ಟ್ರ್ಯಾಕ್’ ಅಂತಲೇ ಬರೆಯಿರಿ. ಬೆಂಗಳೂರಿನವರಿಗೆ ಟರ್ಫ್ ಅಂದರೆ ಒಟ್ಟು ರೇಸಿನ ಲೋಕ, ಟರ್ಫ್ ಕ್ಲಬ್ ಇದೆಯಲ್ಲ. ಅಮೆರಿಕದಲ್ಲಿ ದೊಡ್ಡ ರೇಸುಗಳು ಜಾಸ್ತಿ ಮಣ್ಣಿನ ಟ್ರ್ಯಾಕಿನಲ್ಲಿ. ಇದು ಹುಲ್ಲಿನ ಮೇಲೆ ನಡೆದದ್ದರಿಂದಲೇ ಯುರೋಪಿನವರು ಬರಲು ಒಪ್ಪಿದ್ದು. ಮೊದಲ ವರ್ಷ ಗೆದ್ದದ್ದೇ ಇಂಗ್ಲೆಂಡಿನ ಕುದುರೆ ವಿಲ್ವಿನ್.

ಮರು:
> ನಿಂತುಹೋದ ರೇಸು
ತಾನಾಗಿ ನಿಂತಿತೇ? ‘ಕೈಬಿಟ್ಟ’ ಅನ್ನಬಾರದೇಕೆ?

ಮರು:
1984ರಲ್ಲಿ ಅಮೆರಿಕದಲ್ಲೇ ಬ್ರೀಡರ್ಸ್ ಕಪ್ ಅನ್ನೋ ದೊಡ್ಡ ರೇಸುಗಳ ಕೂಟ ಶುರುವಾಯಿತು. ಅದರಲ್ಲೂ ಹುಲ್ಲಿನ ಮೇಲೆ ಒಂದೂವರೆ ಮೈಲಿಯ ರೇಸು, ಹಣ ಹೆಚ್ಚು, ಅದೇ ಋತು. ಒಳ್ಳೆಯ ಕುದುರೆಗಳು ಅತ್ತ ಹೋದವು. ಇದು ಸೊರಗುತ್ತಾ ಬಂತು, 1994ರಲ್ಲಿ ಪ್ಯಾರಡೈಸ್ ಕ್ರೀಕ್ ಗೆದ್ದದ್ದೇ ಕೊನೆ. ಹೀಗೆ ಸೊರಗಿದ್ದಕ್ಕೆ ‘ನಿಂತುಹೋದ’ವೇ ಸರಿ.

ಮರು:
ಎಲ್ಲರಿಗೂ ಥ್ಯಾಂಕ್ಸ್. ‘ನಿಂತುಹೋದ ಥರೋಬ್ರೆಡ್ ರೇಸು’ ಅಂತ ಹಾಕುತ್ತಿದ್ದೇನೆ. ಕೊನೇದೊಂದು: ‘ಇನ್ವಿಟೇಷನಲ್’ಗೆ? ಲಾರೆಲ್‌ನ ಮುಖ್ಯಸ್ಥ ಜಾನ್ ಶಪಿರೊ ಬೇರೆ ದೇಶದ ಕುದುರೆಗಳಿಗೆ ತಾವೇ ಖರ್ಚು ಕೊಟ್ಟು ಕರೆಸುತ್ತಿದ್ದರು, 1958ರಲ್ಲಿ ಸೋವಿಯತ್ ಕುದುರೆಗಳೂ ಬಂದವು. ‘ಕರೆ ಕೊಟ್ಟು ನಡೆಸಿದ ರೇಸು’ ಆಗಬಹುದಾ?

ಮರು:
ಕರೆ ಕೊಡೋದು ಬಂದ್‌ಗೆ. ‘ಆಹ್ವಾನದ ರೇಸು’ ಸಾಕು.

ಮರು:
‘ಆಹ್ವಾನ’ ಸಂಸ್ಕೃತ. ‘ಕರೆಯೋಲೆ’ ಇದೆಯಲ್ಲ?