ಗವಾಯ್ ಹಬ್ಬಕ್ಕೆ ಊರಿಗೆ ಹೋಗಲಾಗದ ಹುಡುಗನಿಗೆ ನಾವೇನು ಮಾಡಬಹುದು?

ಕೇಳಿದ್ದು: ನಾವಿರುವುದು ಮಲೇಷ್ಯಾದ ಜೊಹೋರ್ ರಾಜ್ಯದ ಪಾಸಿರ್ ಗುಡಾಂಗ್‌ನಲ್ಲಿ. ನಮ್ಮ ಕೆಳಮನೆಯ ಬಾಡಿಗೆ ಹುಡುಗ ಬೋರ್ನಿಯೋ ದ್ವೀಪದ ಸರಾವಾಕ್ ರಾಜ್ಯದ ಕಪಿಟ್ ಕಡೆಯವನು, ಇಬಾನ್ ಎಂಬ ಬುಡಕಟ್ಟಿನವನು, ನಮ್ಮವರ ತಂಡದಲ್ಲೇ ವೆಲ್ಡರ್. ಜೂನ್ 1ಕ್ಕೆ ಅವರ ಸುಗ್ಗಿಯ ಹಬ್ಬ, ಗವಾಯ್ ದಯಾಕ್. ಸರಾವಾಕ್‌ನಲ್ಲಿ ಎರಡು ದಿನ ರಜೆ, ಇಲ್ಲಿ ಇಲ್ಲ. ಅವನಿಗೆ ರಜೆ ಸಿಕ್ಕಿಲ್ಲ. ಊರು ಬಿಟ್ಟ ಮೇಲೆ ಮೊದಲ ಹಬ್ಬ. ರಾತ್ರಿ ಮೆಟ್ಟಿಲ ಮೇಲೆ ಒಬ್ಬನೇ ಕುಳಿತಿರುತ್ತಾನೆ. ಹಬ್ಬದ ಊಟ ಹಾಕೋಣವೆಂದರೆ ನಮ್ಮದು ಸಸ್ಯಾಹಾರಿ ಮನೆ. ಅಲ್ಲಿದ್ದು ಬಂದವರು ದಯವಿಟ್ಟು ದಾರಿ ಹೇಳಿ.

ಸರಾವಾಕ್‌ನ ಬಿಂಟುಲುವಿನಲ್ಲಿ ಎಂಟು ವರ್ಷ ಇದ್ದವನು:
ಊಟ ಹಾಕಿ, ತಪ್ಪೇನಿಲ್ಲ. ಆದರೆ ಅವನನ್ನು ಅತಿಥಿ ಮಾಡಬೇಡಿ. ಯಾಕೆಂದು ತಿಳಿಯಬೇಕಾದರೆ ಅವರ ಉದ್ದಮನೆಯನ್ನು ಕಣ್ಣೆದುರು ತಂದುಕೊಳ್ಳಬೇಕು. ಒಂದೇ ಸೂರಿನಡಿ ಹತ್ತಾರು ಸಂಸಾರಗಳು. ಒಂದೊಂದಕ್ಕೂ ಒಂದು ಬಿಲಿಕ್, ಅಂದರೆ ಸ್ವಂತದ ಕೋಣೆ. ಎಲ್ಲ ಬಿಲಿಕ್‌ಗಳ ಮುಂದೆ ಈ ತುದಿಯಿಂದ ಆ ತುದಿಯವರೆಗೆ, ನಡುವೆ ಗೋಡೆಯೇ ಇಲ್ಲದ ಒಂದು ಜಗಲಿ. ಅದು ರುವಾಯ್. ಮನೆ ಎಷ್ಟು ದೊಡ್ಡದೆಂದು ಅಲ್ಲಿ ಬಾಗಿಲುಗಳ ಲೆಕ್ಕದಲ್ಲಿ ಹೇಳುತ್ತಾರೆ. ಸಂಜೆಯಾದರೆ ಎಲ್ಲರೂ ಆ ಜಗಲಿಗೇ ಬರುತ್ತಾರೆ. ಒಬ್ಬರು ಚಾಪೆ ಹೆಣೆಯುತ್ತಿರುತ್ತಾರೆ, ಇನ್ನೊಬ್ಬರು ಬಲೆ ಸರಿಮಾಡುತ್ತಿರುತ್ತಾರೆ, ಮಕ್ಕಳಿಗೆ ಅದೇ ಓಟದ ಮೈದಾನ. ಹಾಗೆ ಬೆಳೆದ ಹುಡುಗ ಈಗ ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದಾನೆ. ಅವನು ಮೆಟ್ಟಿಲಿಗೆ ಬಂದು ಕೂರುವುದು ಜಗಲಿಯನ್ನು ಹುಡುಕಿಕೊಂಡು ಎಂದೇ ನನಗೆ ಅನಿಸುತ್ತದೆ.

ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಮೇ 31ರ ಸಂಜೆ ನಾನೂ ಇದ್ದೆ. ಇಬ್ಬರು ಒಂದು ಮೊರವನ್ನು ರುವಾಯ್ ಉದ್ದಕ್ಕೂ ಎಳೆದುಕೊಂಡು ಬಂದರು. ಪ್ರತಿ ಬಾಗಿಲಿನವರೂ ಬೇಡದ ವಸ್ತುವೊಂದನ್ನು ಅದಕ್ಕೆ ಹಾಕುತ್ತಿದ್ದರು. ನನ್ನ ಸಹೋದ್ಯೋಗಿಯ ಅಜ್ಜಿ ಹಾಕಿದ್ದು ಹಿಡಿಕೆ ಮುರಿದ ಟಾರ್ಚು. ಆಸೆಬುರುಕತನದ ಭೂತವನ್ನು ಹೊರಹಾಕುವ ಶಾಸ್ತ್ರವದು. ಆಮೇಲೆ ದೇವರಿಗೆ ಎಡೆ. ನಡುರಾತ್ರಿ ಮನೆಯ ಯಜಮಾನ, ಅವರ ಮಾತಿನಲ್ಲಿ ತುವಾಯ್ ರುಮಾ, ತುವಾಕ್ ಎಂಬ ಅಕ್ಕಿಯ ಮದ್ಯವನ್ನು ಎತ್ತಿ ಹಿಡಿದು 'ಗಾಯು ಗುರು, ಗೆರಾಯ್ ಞಾಮಾಯ್' ಎಂದರು. ಆಯುಷ್ಯ, ಆರೋಗ್ಯ, ನೆಮ್ಮದಿ ಸಿಗಲಿ ಎಂಬ ಹಾರೈಕೆ. ಸಾಲಾಗಿ ಕೂತವರ ಮುಂದೆ ಲೋಟ ಹಿಡಿದು ಓಡಾಡುತ್ತಿದ್ದವರು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ನಿಮ್ಮ ಹುಡುಗನ ವಯಸ್ಸೂ ಹೆಚ್ಚು ಕಡಿಮೆ ಅಷ್ಟೇ ಇರಬೇಕು. ಅವನು ಬಡಿಸುವವನು, ಬಡಿಸಿಕೊಳ್ಳುವವನಲ್ಲ. ನಿಮ್ಮ ಹಜಾರವನ್ನು ಒಂದು ಸಂಜೆ ಅವನಿಗೆ ಬಿಟ್ಟುಕೊಡಿ. ಯಾರನ್ನು ಕರೆಯಬೇಕೆಂದು ಅವನೇ ಹೇಳಲಿ. ಕುರ್ಚಿ ತೆಗೆದು ಚಾಪೆ ಹಾಸಿ.

ಬಿದಾಯು (ಸರಾವಾಕ್‌ನ ಇನ್ನೊಂದು ಬುಡಕಟ್ಟು) ಕುಟುಂಬದ ಸೊಸೆ, ಕೂಚಿಂಗ್:
ಅಕ್ಕ, ನಾನು ಧಾರವಾಡದವಳು, ಮದುವೆಯಾಗಿ ಹದಿನಾಲ್ಕು ವರ್ಷ. ಅಡುಗೆಯ ಬಗ್ಗೆ ಸಂಕೋಚ ಬೇಡ, ಮನೆಯೊಳಗೆ ಮಾಂಸ ಆಗುವುದಿಲ್ಲವೆಂದು ನೇರವಾಗಿ ಹೇಳಿಬಿಡಿ. ಹಬ್ಬದ ಮುಖ್ಯ ಅಡುಗೆ ಪಾನ್ಸೊ ಮಾನೊಕ್: ಕೋಳಿ, ಶುಂಠಿ, ನಿಂಬೆಹುಲ್ಲನ್ನು ಬಿದಿರಿನ ಅಂಡೆಗೆ ತುಂಬಿ, ಮರಗೆಣಸಿನ ಎಲೆಯಿಂದ ಬಾಯಿ ಮುಚ್ಚಿ ಬೆಂಕಿಗೆ ಒರಗಿಸುವುದು. ಹೇಗೂ ಹೊರಗೆ ಕೆಂಡದ ಮೇಲೆಯೇ ಆಗುವ ಅಡುಗೆ. ಅಂಗಳದ ಮೂಲೆ ಕೊಟ್ಟರೆ ಸಾಕು. ಒಳಗೆ ನೀವು ಅನ್ನ, ಪಲ್ಯ ಮಾಡಿ.

ತುವಾಕ್ ಅವನೇ ಮಾಡುವುದಾದರೆ ಈಗಲೇ ಶುರು ಮಾಡಲಿ, ವಾರಗಳೇ ಬೇಕು. ಅಂಗಡಿಯಲ್ಲಿ ರಾಗಿ ಎಂದು ಕೇಳಿದರೆ ಕೊಡುವುದು ಹುದುಗು ಬರಿಸುವ ಬಿಲ್ಲೆ, ನಮ್ಮ ರಾಗಿಯಲ್ಲ. ಬೇಯಿಸಿದ ಅಂಟಕ್ಕಿ ಪೂರ್ತಿ ಆರಿದ ಮೇಲೆಯೇ ಅದನ್ನು ಪುಡಿ ಮಾಡಿ ಬೆರೆಸಬೇಕು. ನಮ್ಮ ಅತ್ತೆ ಅಂಗೈಯನ್ನು ಅನ್ನದ ಮೇಲಿಟ್ಟು, ತಣ್ಣಗಿದೆ ಎನಿಸುವವರೆಗೆ ಯಾರನ್ನೂ ಹತ್ತಿರ ಬಿಡುವುದಿಲ್ಲ.

ಇನ್ನೊಂದು ಮಾತು. ದುಡಿಯಲು ಊರು ಬಿಟ್ಟು ಹೋಗುವುದಕ್ಕೆ ಇಬಾನರಲ್ಲಿ ಬೆಜಲಾಯ್ ಎಂಬ ಹೆಸರೇ ಇದೆ. ಹಿಂದೆ ಗಂಡುಮಕ್ಕಳು ಹಾಗೆ ಹೋಗಿ ದೊಡ್ಡ ಜಾಡಿಗಳನ್ನು ಸಂಪಾದಿಸಿ ತರುತ್ತಿದ್ದರು. ಅದು ಮರ್ಯಾದೆಯ ಕೆಲಸ. ಅದಕ್ಕೇ ಅವನೆದುರು 'ಪಾಪ, ಮನೆಯಿಂದ ದೂರ' ಎನ್ನಬೇಡಿ, ಏನು ಕಲಿತೆ, ಊರಿಗೆ ಏನು ಒಯ್ಯುತ್ತೀ ಎಂದು ಕೇಳಿ.

ಯೋಗ್ಯಕರ್ತದಲ್ಲಿ ಓದಿದವನು:
ಚಿಕ್ಕ ಎಚ್ಚರಿಕೆ. ದಯಾಕ್ ಎನ್ನುವುದು ಒಂದೇ ಜನವಲ್ಲ, ಬೋರ್ನಿಯೋದ ಹಲವು ಬುಡಕಟ್ಟುಗಳಿಗೆ ಒಟ್ಟಾಗಿ ಇರುವ ಹೆಸರು. ಇಂಡೋನೇಷ್ಯಾದ ಕಾಲಿಮಂತಾನ್‌ನಿಂದ ಬಂದ ಙಾಜು, ಕನಾಯತ್ನ್ ಪಂಗಡಗಳ ಗೆಳೆಯರು ನನಗಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದೆ ಇಂಡೋನೇಷ್ಯನ್‌ನಲ್ಲೇ ಮಾತಾಡಿಕೊಳ್ಳುತ್ತಿದ್ದರು. ದಯಾಕ್ ಎಂದು ಯಾರನ್ನೋ ಕರೆತಂದು ಪಕ್ಕದಲ್ಲಿ ಕೂರಿಸಿದರೆ ಅವನ ಮಾತು ಅವನಿಗೆ ಸಿಗುವುದಿಲ್ಲ. ಅವನಿಗೆ ಬೇಕಾದದ್ದು ಇಬಾನ್ ಭಾಷೆ.

ಜೊಹೋರ್‌ನಲ್ಲೇ ಇರುವವರು:
ಅದು ಕಷ್ಟವಲ್ಲ. ಪಾಸಿರ್ ಗುಡಾಂಗ್ ಸುತ್ತ ದುಡಿಯಲು ಬಂದ ಇಬಾನ್ ಸಂಸಾರಗಳು ಬಹಳ ಇವೆ. ಅವನು ಕ್ರೈಸ್ತನಾಗಿದ್ದರೆ, ಅನೇಕರು ಹೌದು, ಚರ್ಚಿನಲ್ಲೂ ವಿಚಾರಿಸಿ. ರಜೆಯ ವಿಷಯಕ್ಕೆ ಬಂದರೆ, ಹಬ್ಬ ಎರಡೇ ದಿನಕ್ಕೆ ಮುಗಿಯುವುದಿಲ್ಲ. ಜೂನ್ ತಿಂಗಳಿಡೀ ಒಬ್ಬರ ಮನೆಗೊಬ್ಬರು ಹೋಗಿಬರುವುದು ಇರುತ್ತದೆ. ಕೊನೆಗೆ ಹಾಸಿದ ಚಾಪೆಯನ್ನು ಸುತ್ತಿಡುವ 'ಙಿಲಿಂಗ್ ಬಿದಾಯ್' ಆದ ಮೇಲೆಯೇ ಹಬ್ಬ ಮುಗಿದಂತೆ. ಅವರ ಮನೆಯಲ್ಲಿ ಚಾಪೆ ಸುತ್ತುವುದು ಯಾವತ್ತೆಂದು ಕೇಳಿ, ಆ ವಾರಕ್ಕೆ ರಜೆ ಕೊಡಿಸಲು ನಿಮ್ಮ ಯಜಮಾನರಿಗೆ ಹೇಳಿ.

ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ನಾನೂ ಮೆಟ್ಟಿಲ ಮೇಲೆ ಕುಳಿತು, ನಿಮ್ಮ ಮನೆಗೆ ಎಷ್ಟು ಬಾಗಿಲು ಎಂದು ಕೇಳಿದೆ. ಹುಡುಗ ನನ್ನ ಮುಖವನ್ನೇ ನೋಡಿದ. ಇಪ್ಪತ್ತೇಳು ಎಂದ. ಆಮೇಲೆ ಹೊಳೆಯ ಕಡೆಯ ಮೊದಲನೆಯ ಬಾಗಿಲಿನಿಂದ ಶುರುಮಾಡಿ ಯಾವುದರಲ್ಲಿ ಯಾರಿದ್ದಾರೆ, ಯಾರ ಮಗ ಎಲ್ಲಿ ದುಡಿಯುತ್ತಿದ್ದಾನೆ ಎಂದು ಒಂದೊಂದಾಗಿ ಹೇಳುತ್ತಾ ಹೋದ. ಹತ್ತೊಂಬತ್ತನೆಯ ಬಾಗಿಲಿಗೆ ಬರುವಷ್ಟರಲ್ಲಿ ನಮ್ಮವರು ಊಟಕ್ಕೆ ಕರೆದರು. ಉಳಿದ ಎಂಟು ಇವತ್ತು ಸಂಜೆಗೆ.